ಕೆಂಗೇರಿ ಮೋರಿಗೆ ಬಿದ್ದ ಕವರ್ ಸಮುದ್ರದವರೆಗೂ ಹೋಗುತ್ತಾ?

ಓದುಗರ ಪ್ರಶ್ನೆ: ನಮ್ಮ ಮನೆ ಕೆಂಗೇರಿ ಕಡೆ, ಹಿಂದೆಯೇ ರಾಜಕಾಲುವೆ. ಒಂದು ಜೋರು ಮಳೆ ಬಂದರೆ ಸಾಕು, ಕವರ್, ಬಾಟಲಿ, ಥರ್ಮಾಕೋಲ್, ಹಳೇ ಚಪ್ಪಲಿ ಎಲ್ಲ ತೇಲಿಕೊಂಡು ಬರುತ್ತದೆ. ನೀರು ಇಳಿದ ಮೇಲೆ ಅರ್ಧ ಬೇಲಿಗೆ, ಗಿಡಗಳಿಗೆ ಸಿಕ್ಕಿಕೊಂಡು ನೇತಾಡುತ್ತಿರುತ್ತದೆ. ಎಂಟನೇ ಕ್ಲಾಸಿನ ಮಗಳು ‘ಇದೆಲ್ಲ ಸಮುದ್ರಕ್ಕೆ ಹೋಗುತ್ತೆ ಅಪ್ಪ’ ಅನ್ನುತ್ತಾಳೆ. ನಮ್ಮ ಭಾವ ‘ಬೆಂಗಳೂರಿಗೂ ಸಮುದ್ರಕ್ಕೂ ಎಲ್ಲಿಯ ಸಂಬಂಧ, ಅದು ಚೆನ್ನೈ, ಮುಂಬೈನವರ ಕಥೆ, ಇಲ್ಲಾಂದ್ರೆ ಮೀನುಗಾರರ ಬಲೆ’ ಅನ್ನುತ್ತಾರೆ. ಯಾರು ಸರಿ? ನಾವು ಹಸಿ ಕಸ, ಒಣ ಕಸ ಬೇರೆ ಮಾಡಿಯೇ ಕೊಡುತ್ತೇವೆ. ಬೀದಿಯಲ್ಲಿ ಬಹಳ ಜನ ಹಾಗೇ ಮಾಡುತ್ತಾರೆ. ಆದರೂ ಕಾಲುವೆಗೆ ಇಷ್ಟೊಂದು ಪ್ಲಾಸ್ಟಿಕ್ ಎಲ್ಲಿಂದ ಬರುತ್ತದೆ? ಎಲ್ಲರೂ ದುಡ್ಡು ಹಾಕಿ ಕಾಲುವೆಗೆ ಅಡ್ಡಲಾಗಿ ಕಬ್ಬಿಣದ ಜಾಲರಿ ಹಾಕಿಸೋಣ ಅಂತ ಮಾತು ನಡೆದಿದೆ, ಹಾಕಿಸಬಹುದಾ? ಪಕ್ಕದ ಮನೆಯವರು ಗುಡ್ಡೆ ಮಾಡಿ ಸುಟ್ಟುಬಿಡೋದೇ ವಾಸಿ ಅನ್ನುತ್ತಾರೆ. ಇನ್ನೊಂದು, ಅಂಗಡಿಯಲ್ಲಿ ‘ಮಣ್ಣಲ್ಲಿ ಕರಗುವ ಕವರ್’ ಅಂತ ಕೊಡುತ್ತಾರಲ್ಲ, ಅದನ್ನೇ ಬಳಸಿದರೆ ಈ ತಾಪತ್ರಯ ತಪ್ಪುತ್ತದಾ?

ಉತ್ತರ: ಮಗಳು ಹೇಳಿದ್ದು ಸರಿ. ನಿಮ್ಮ ಭಾವ ಹೇಳಿದ್ದರಲ್ಲೂ ಅರ್ಧ ನಿಜ ಇದೆ, ಅದನ್ನೂ ಹೇಳುತ್ತೇನೆ. ಆದರೆ ನಿಮ್ಮ ಪತ್ರ ಓದಿದಾಗ ನನಗೆ ಕಂಡ ಚಿಂತೆ ಬೇರೆ: ನಾವು ಮಾಡಬೇಕಾದ್ದನ್ನು ಮಾಡುತ್ತಿದ್ದೇವೆ, ಆದರೂ ಕಾಲುವೆ ತುಂಬುತ್ತಿದೆ, ಹಾಗಾದರೆ ತಪ್ಪು ಎಲ್ಲಿ? ಕಸದ ಕೆಲಸದಲ್ಲೇ ಇರುವ ಎಂಜಿನಿಯರ್ ಆಗಿ ನನ್ನನ್ನು ಜನ ಅತಿ ಹೆಚ್ಚು ಕೇಳುವ ಪ್ರಶ್ನೆ ಇದೇ.

ಮೊದಲು ನೀರಿನ ದಾರಿ ನೋಡೋಣ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿ, ಒಂದು ದಿಣ್ಣೆಯ ಮೇಲೆ ಇದೆ. ಪಶ್ಚಿಮಕ್ಕೆ ಬಿದ್ದ ಮಳೆ ವೃಷಭಾವತಿ ಸೇರುತ್ತದೆ. ಬಸವನಗುಡಿಯ ದೊಡ್ಡ ಬಸವಣ್ಣನ ಗುಡಿ ಹತ್ತಿರ ಹುಟ್ಟುತ್ತದೆ ಅನ್ನುವ ಆ ಹೊಳೆ ಮೈಸೂರು ರಸ್ತೆ ಪಕ್ಕದಲ್ಲೇ ಗಾಳಿ ಆಂಜನೇಯ ದೇವಸ್ಥಾನ ದಾಟಿ, ನಿಮ್ಮ ಕೆಂಗೇರಿ ದಾಟಿ, ಬಿಡದಿ ಹತ್ತಿರದ ಬೈರಮಂಗಲ ಕೆರೆಗೆ ಹೋಗುತ್ತದೆ. ಅಲ್ಲಿಂದ ಅರ್ಕಾವತಿ, ಕನಕಪುರದ ಆಚೆ ಸಂಗಮದಲ್ಲಿ ಕಾವೇರಿ, ಆಮೇಲೆ ಮೇಕೆದಾಟು, ಹೊಗೇನಕಲ್, ಮೆಟ್ಟೂರು, ಕೊನೆಗೆ ಬಂಗಾಳ ಕೊಲ್ಲಿ. ಪೂರ್ವಕ್ಕೆ ಬಿದ್ದದ್ದು ಬೆಳ್ಳಂದೂರು, ವರ್ತೂರು ಕೆರೆ ದಾಟಿ ದಕ್ಷಿಣ ಪಿನಾಕಿನಿ ಸೇರಿ, ಹೊಸೂರು ಹತ್ತಿರದ ಕೆಲವರಪಳ್ಳಿ ಜಲಾಶಯ, ಕೃಷ್ಣಗಿರಿ, ಸಾತನೂರು ಅಣೆಕಟ್ಟು ದಾಟಿ ಕಡಲೂರಿನ ಹತ್ತಿರ ಅದೇ ಬಂಗಾಳ ಕೊಲ್ಲಿಗೆ ಹೋಗುತ್ತದೆ.

ಇದರಲ್ಲಿ ಎರಡು ವಿಷಯ ಗಮನಿಸಿ. ನಮ್ಮೂರಿಗೆ ಹೊರಗಿನಿಂದ ಹರಿದು ಬರುವ ನದಿ ಇಲ್ಲ. ಅಂದರೆ ನಮ್ಮ ಕಾಲುವೆಯಲ್ಲಿ ತೇಲುವ ಪ್ಲಾಸ್ಟಿಕ್ ಮೇಲಿನ ಊರಿನವರು ಕಳಿಸಿದ್ದು ಅಂತ ಹೇಳುವ ಹಾಗೇ ಇಲ್ಲ. ಪೂರ್ತಿ ನಮ್ಮದೇ. ಇನ್ನೊಂದು, ನಾವು ಕುಡಿಯುವ ಕಾವೇರಿ ನೀರನ್ನು ತೆಗೆಯುವುದು ಸಂಗಮಕ್ಕಿಂತ ಮೇಲೆ. ನಮ್ಮ ಕೊಳಕು ಸೇರುವುದು ಅದರ ಕೆಳಗೆ. ಹಾಗಾಗಿ ನಾವು ಬಿಟ್ಟದ್ದು ನಮ್ಮ ನಲ್ಲಿಗೆ ವಾಪಸ್ ಬರುವುದಿಲ್ಲ, ಬೈರಮಂಗಲದ ರೈತನ ಗದ್ದೆಗೆ ಮತ್ತು ಅದರಾಚೆಯವರ ಪಾಲಿಗೆ ಹೋಗುತ್ತದೆ. ನನಗೆ ಈ ವಿಷಯದಲ್ಲಿ ಎಲ್ಲಕ್ಕಿಂತ ಜಾಸ್ತಿ ನೋವು ಕೊಡುವುದು ಇದೇ.

ಈಗ ಭಾವನವರ ಅರ್ಧ ನಿಜ. ಮೋರಿಗೆ ಬಿದ್ದ ಪ್ರತಿ ಕವರೂ ಸಮುದ್ರ ಮುಟ್ಟುವುದಿಲ್ಲ. ದಾರಿ ಉದ್ದ ಇದ್ದಷ್ಟೂ ಬೇಲಿ, ಜೊಂಡು, ದಡದ ಮರಳು, ಕೆರೆಯ ಹೂಳು, ಅಣೆಕಟ್ಟು ಎಲ್ಲವೂ ಒಂದಷ್ಟು ಹಿಡಿದಿಟ್ಟುಕೊಳ್ಳುತ್ತವೆ. ಕೆಲವು ವರ್ಷಗಳ ಹಿಂದೆ ‘ಜಗತ್ತಿನ ಹತ್ತೇ ನದಿಗಳು ಸಮುದ್ರದ ಪ್ಲಾಸ್ಟಿಕ್ಕಿಗೆಲ್ಲ ಕಾರಣ’ ಅಂತ ಒಂದು ಮಾತು ಬಹಳ ಓಡಾಡಿತು, ಈಗಲೂ ವಾಟ್ಸಾಪಿನಲ್ಲಿ ಬರುತ್ತಿರುತ್ತದೆ. 2017ರ ಒಂದು ಅಧ್ಯಯನದಿಂದ ಹುಟ್ಟಿದ ಮಾತು ಅದು, ಅದೂ ನದಿಗಳು ಹೊತ್ತೊಯ್ಯುವ ಪಾಲಿನ ಬಗ್ಗೆ ಮಾತ್ರ. 2021ರಲ್ಲಿ ಬಂದ ಇನ್ನೂ ವಿವರವಾದ ಲೆಕ್ಕ ಅದನ್ನು ಬದಲಿಸಿತು. ಅದರ ಪ್ರಕಾರ ನದಿಗಳಿಂದ ಸಮುದ್ರಕ್ಕೆ ವರ್ಷಕ್ಕೆ 8 ಲಕ್ಷದಿಂದ 27 ಲಕ್ಷ ಟನ್ ಪ್ಲಾಸ್ಟಿಕ್ ಹೋಗುತ್ತದೆ, ಅದರಲ್ಲಿ ಶೇಕಡಾ 80ರಷ್ಟನ್ನು ಸಾವಿರಕ್ಕೂ ಹೆಚ್ಚು ನದಿಗಳು ಸೇರಿ ಒಯ್ಯುತ್ತವೆ. ಪಟ್ಟಿಯ ಮೇಲ್ಭಾಗದಲ್ಲಿ ಗಂಗೆಯಂಥ ದೊಡ್ಡ ನದಿಗಿಂತ ಮನಿಲಾ ನಗರದೊಳಗೆ ಹರಿಯುವ ಪಾಸಿಗ್ ಅನ್ನುವ ಪುಟ್ಟ ನದಿ ಬಂತು. ಯಾಕೆ? ಜನ ಜಾಸ್ತಿ, ಮಳೆ ಜಾಸ್ತಿ, ಸಮುದ್ರ ಪಕ್ಕದಲ್ಲೇ. ಆ ಲೆಕ್ಕದಲ್ಲಿ ಬೆಂಗಳೂರಿನ ಒಂದು ಕವರ್ ಸಮುದ್ರ ಸೇರುವ ಸಾಧ್ಯತೆ ಮುಂಬೈನ ಒಂದು ಕವರಿಗಿಂತ ಕಡಿಮೆ, ಒಪ್ಪಿದೆ. ಮೀನುಗಾರರ ಬಲೆಯ ಮಾತೂ ಪೂರ್ತಿ ಸುಳ್ಳಲ್ಲ. ಪೆಸಿಫಿಕ್ ಸಾಗರದ ನಡುವೆ ಪ್ಲಾಸ್ಟಿಕ್ ತೇಲುವ ದೊಡ್ಡ ಪ್ರದೇಶ ಇದೆಯಲ್ಲ, 2018ರ ಒಂದು ಅಧ್ಯಯನದಲ್ಲಿ ಅಲ್ಲಿನ ಪ್ಲಾಸ್ಟಿಕ್ಕಿನ ತೂಕದಲ್ಲಿ ಶೇಕಡಾ 46ರಷ್ಟು ಮೀನಿನ ಬಲೆಗಳೇ ಇದ್ದವು. ಹಡಗಿನಿಂದಲೂ ಬೀಳುತ್ತದೆ. 2021ರಲ್ಲಿ ಕೊಲಂಬೊ ಹತ್ತಿರ ಎಕ್ಸ್‌ಪ್ರೆಸ್ ಪರ್ಲ್ ಹಡಗು ಹೊತ್ತಿ ಉರಿದು ಮುಳುಗಿದಾಗ ಟನ್‌ಗಟ್ಟಲೆ ಪ್ಲಾಸ್ಟಿಕ್ ಕಾಳು (ಪ್ಲಾಸ್ಟಿಕ್ ಸಾಮಾನು ಮಾಡಲು ಬಳಸುವ ಕಚ್ಚಾ ಹರಳು) ಶ್ರೀಲಂಕಾದ ದಡಕ್ಕೆ ಬಂತು. 2025ರ ಮೇ ತಿಂಗಳಲ್ಲಿ ಕೊಚ್ಚಿಯ ಆಚೆ ಎಂಎಸ್‌ಸಿ ಎಲ್ಸಾ 3 ಮುಳುಗಿದಾಗ ಕೇರಳದ ದಡದಲ್ಲೂ ಅದೇ ಆಯಿತು.

ಆದರೆ ‘ಸಮುದ್ರ ಮುಟ್ಟಲಿಲ್ಲ’ ಅಂದರೆ ‘ತೊಂದರೆ ಇಲ್ಲ’ ಅಂತಲ್ಲ. ದಾರಿಯಲ್ಲಿ ನಿಂತ ಪ್ಲಾಸ್ಟಿಕ್ ಅಲ್ಲೇ ಬಿಸಿಲಿಗೆ ಗರಿಗರಿಯಾಗುತ್ತದೆ. ಮುಂದಿನ ಮಳೆಯಲ್ಲಿ ಒಡೆಯುತ್ತದೆ. ಕಲ್ಲಿಗೆ ಉಜ್ಜಿ ಇನ್ನೂ ಚೂರಾಗುತ್ತದೆ. 5 ಮಿಲಿಮೀಟರಿಗಿಂತ ಚಿಕ್ಕ ಚೂರಿಗೆ ಮೈಕ್ರೋಪ್ಲಾಸ್ಟಿಕ್ ಅನ್ನುತ್ತೇವೆ. ಅಷ್ಟು ಸಣ್ಣದಾದ ಮೇಲೆ ಬೇಲಿ ಹಿಡಿಯಲ್ಲ, ಜೊಂಡು ಹಿಡಿಯಲ್ಲ, ಅಣೆಕಟ್ಟಿನ ಗೇಟು ತೆರೆದಾಗ ನೀರಿನ ಜೊತೆ ಹೋಗುತ್ತದೆ. ಈ ವರ್ಷ ಬೇಲಿಯಲ್ಲಿ ನೇತಾಡಿದ ಕವರನ್ನು ನೀವು ಕೈಯಿಂದ ಎತ್ತಬಹುದು. ನಾಲ್ಕು ವರ್ಷ ಬಿಟ್ಟರೆ ಅದನ್ನು ಯಾವ ಯಂತ್ರವೂ ಎತ್ತಲಾರದು. ನಾವು ನೀರಿನ ತಲೆಯ ಕಡೆ ಕೂತಿದ್ದೇವೆ, ಪ್ಲಾಸ್ಟಿಕ್ ಇನ್ನೂ ಇಡಿಯಾಗಿ ಇರುವುದು, ಕಾಲುವೆ ಇನ್ನೂ ಕಿರಿದಾಗಿ ಇರುವುದು ಇಲ್ಲೇ. ಇಲ್ಲಿ ಹಿಡಿಯುವಷ್ಟು ಸುಲಭವಾಗಿ ಮುಂದೆ ಎಲ್ಲೂ ಹಿಡಿಯಲು ಆಗುವುದಿಲ್ಲ.

ಕಣ್ಣಿಗೆ ಕಾಣುವುದು ತೇಲುವುದು ಮಾತ್ರ, ಇದೂ ಗೊತ್ತಿರಲಿ. ಕವರ್, ಬಾಟಲಿ ಮುಚ್ಚಳ, ಥರ್ಮಾಕೋಲ್ ನೀರಿಗಿಂತ ಹಗುರ, ಅವು ತೇಲುತ್ತವೆ. ನೀರಿನ ಬಾಟಲಿ ಮಾಡುವ ಪೆಟ್ ಪ್ಲಾಸ್ಟಿಕ್ ನೀರಿಗಿಂತ ಭಾರ. ಮುಚ್ಚಳ ಬಿಗಿಯಾಗಿದ್ದರೆ ಒಳಗಿನ ಗಾಳಿಯಿಂದ ತೇಲುತ್ತದೆ, ಇಲ್ಲದಿದ್ದರೆ ಮುಳುಗಿ ಹೂಳು ಸೇರುತ್ತದೆ. ಮೈಸೂರು ರಸ್ತೆಯಲ್ಲಿ ಸವೆಯುವ ಟೈರಿನ ಪುಡಿ, ಪಾಲಿಯೆಸ್ಟರ್ ಬಟ್ಟೆ ಒಗೆದಾಗ ಬಿಡುವ ನೂಲಿನ ಎಳೆ, ಇವು ಯಾರ ಕಣ್ಣಿಗೂ ಬೀಳದೆ ವೃಷಭಾವತಿ ಸೇರುತ್ತವೆ. ಬೆಳ್ಳಂದೂರು ಕೆರೆಯ ನೊರೆಯನ್ನೂ ಕೆಲವರು ಪ್ಲಾಸ್ಟಿಕ್ಕಿನ ತಲೆಗೆ ಕಟ್ಟುತ್ತಾರೆ, ಅದು ತಪ್ಪು. ನೊರೆ ಬರುವುದು ಸೋಪು, ಡಿಟರ್ಜೆಂಟ್ ತುಂಬಿದ ಕೊಳಚೆ ನೀರಿನಿಂದ.

ಸರಿ, ನೀವೆಲ್ಲ ಬೇರೆ ಮಾಡಿ ಕೊಟ್ಟರೂ ಕಾಲುವೆಗೆ ಎಲ್ಲಿಂದ ಬಂತು? ಜನ ಅಂದುಕೊಳ್ಳುವುದು ಯಾರೋ ಸೇತುವೆ ಮೇಲೆ ನಿಂತು ಚೀಲ ಎಸೆಯುತ್ತಾರೆ ಅಂತ. ಎಸೆಯುವವರು ಇದ್ದಾರೆ. ಆದರೆ ನಾನು ನೋಡಿದ ಹಾಗೆ ಬಹುಪಾಲು ಬರುವುದು ಕಸ ಎತ್ತುವ ವ್ಯವಸ್ಥೆ ಕೈತಪ್ಪುವ ಸಣ್ಣ ಸಣ್ಣ ಜಾಗಗಳಿಂದ. ಬೆಳಿಗ್ಗೆ ಆಟೋ ಟಿಪ್ಪರ್ ಬರುವ ಹೊತ್ತಿಗೆ ಕೆಲಸಕ್ಕೆ ಹೊರಟಿರುವ ಮನೆಗಳಿವೆ, ಪಿಜಿಗಳಿವೆ, ಒಂದೇ ಕೋಣೆಯ ಬಾಡಿಗೆ ಮನೆಗಳಿವೆ. ಅವರ ಕಸ ರಾತ್ರಿ ಒಂದು ಕವರಿನಲ್ಲಿ ಕಟ್ಟಿಕೊಂಡು ಮೂಲೆಗೆ ಹೋಗುತ್ತದೆ, ಆ ಮೂಲೆ ಬ್ಲಾಕ್ ಸ್ಪಾಟ್ ಆಗುತ್ತದೆ. ಬೀದಿನಾಯಿ, ಹಸು ಅನ್ನದ ಆಸೆಗೆ ಅದನ್ನು ಹರಿಯುತ್ತವೆ. ಪೌರಕಾರ್ಮಿಕರು ಬರುವ ಮೊದಲೇ ಮಳೆ ಬಂದರೆ ಪಕ್ಕದ ಚರಂಡಿಗೆ, ಅಲ್ಲಿಂದ ರಾಜಕಾಲುವೆಗೆ. ಸಂಜೆ ಮಾತ್ರ ನಡೆಯುವ ತಳ್ಳುಗಾಡಿಗಳು, ಮಾರ್ಕೆಟ್ಟುಗಳು, ಬಾರ್ ಮುಂದಿನ ಫುಟ್‌ಪಾತು, ಬಸ್ ನಿಲ್ದಾಣ, ಟಿಪ್ಪರಿನಿಂದ ಕಾಂಪ್ಯಾಕ್ಟರಿಗೆ, ಅಂದರೆ ಕಸ ಒತ್ತಿ ತುಂಬುವ ದೊಡ್ಡ ಲಾರಿಗೆ, ಕಸ ಸುರಿಯುವ ಜಾಗ, ಖಾಲಿ ಸೈಟು, ಎಲ್ಲ ಇದೇ ಸಾಲು. ದಿನಕ್ಕೆ ಸುಮಾರು 5,000 ಟನ್ ಕಸ ಹುಟ್ಟುವ ಊರು ನಮ್ಮದು. ಅದರಲ್ಲಿ ಎತ್ತದೆ ಉಳಿದದ್ದು ಸಣ್ಣ ಪಾಲೇ ಆದರೂ ಅದು ಪ್ರತಿದಿನ ಉಳಿಯುತ್ತದೆ. ಬೇಸಿಗೆಯಲ್ಲಿ ಒಣ ಮೋರಿಯಲ್ಲಿ ತಿಂಗಳುಗಟ್ಟಲೆ ಸೇರಿದ್ದು ಏಪ್ರಿಲ್, ಮೇ ತಿಂಗಳ ಮೊದಲ ಎರಡು ಮೂರು ಜೋರು ಮಳೆಯಲ್ಲಿ ಒಟ್ಟಿಗೆ ಹೊರಡುತ್ತದೆ. ನಿಮ್ಮ ಹಿತ್ತಲಲ್ಲಿ ನೀವು ನೋಡುವುದು ಆ ಮೆರವಣಿಗೆಯನ್ನೇ.

ಇದರ ಹಿಂದೆ ದುಡ್ಡಿನ ಲೆಕ್ಕವೂ ಇದೆ. ನಿಮ್ಮ ಕಾಲುವೆಯಲ್ಲಿ ಏನೇನು ಸಿಗುತ್ತದೆ ಅಂತ ಒಂದು ದಿನ ಸುಮ್ನೆ ನಿಂತು ನೋಡಿ. ಬಕೆಟ್ಟು, ಕುರ್ಚಿಯಂಥ ಗಟ್ಟಿ ಪ್ಲಾಸ್ಟಿಕ್ ಬಹಳ ಕಡಿಮೆ. ಅದಕ್ಕೆ ಗುಜರಿಯಲ್ಲಿ ಬೆಲೆ ಇದೆ, ಚಿಂದಿ ಆಯುವವರು ಎತ್ತಿಕೊಂಡು ಹೋಗಿರುತ್ತಾರೆ. ಹಾಲಿನ ಪ್ಯಾಕೆಟ್ಟಿಗೂ ಬೆಲೆ ಇದೆ. ಉಳಿಯುವುದು ಚಿಪ್ಸ್ ಪ್ಯಾಕೆಟ್, ಶಾಂಪೂ ಸ್ಯಾಶೆ, ಗುಟ್ಕಾ ಪೊಟ್ಟಣ, ಸಾಂಬಾರು ಅಂಟಿದ ಪಾರ್ಸೆಲ್ ಕವರ್. ಚಿಪ್ಸ್ ಪ್ಯಾಕೆಟ್ಟಿನಲ್ಲಿ ಪ್ಲಾಸ್ಟಿಕ್ ಮತ್ತು ಲೋಹದ ಪದರಗಳು ಅಂಟಿಕೊಂಡಿರುತ್ತವೆ, ಬೇರೆ ಮಾಡಲು ಆಗುವುದಿಲ್ಲ, ಕೊಳ್ಳುವವರಿಲ್ಲ, ಸಿಮೆಂಟ್ ಕಾರ್ಖಾನೆಯ ಒಲೆಗೆ ಹೋದರೆ ಅದೇ ದೊಡ್ಡದು. ತೆಳು ಕವರ್ ಒಂದು ಕೆಜಿ ಆಗಬೇಕಾದರೆ ನೂರಾರು ಆಯಬೇಕು. ದಿನವಿಡೀ ಬೆನ್ನು ಬಗ್ಗಿಸಿ ದುಡಿಯುವ ಹೆಣ್ಣುಮಗಳು ಅದನ್ನು ಯಾಕೆ ಎತ್ತಬೇಕು, ಹೇಳಿ? ಈ ಊರಿನ ನದಿಗಳಿಗೆ ಅವರಷ್ಟು ಉಪಕಾರ ಮಾಡಿದವರು ಬೇರೆ ಯಾರೂ ಇಲ್ಲ, ಅವರಿಗೆ ಸಿಗುವ ಮರ್ಯಾದೆ ಮಾತ್ರ ಏನೂ ಇಲ್ಲ.

ಕಾನೂನು ಇಲ್ಲವಾ ಅಂದರೆ, ಬೇಕಾದಷ್ಟಿದೆ. 2015ರ ಡಿಸೆಂಬರಿನಲ್ಲಿ ಹೈಕೋರ್ಟ್ ಬೆಂಗಳೂರಿನ ಮನೆಗಳಿಗೆ ಎರಡು ಡಬ್ಬ, ಒಂದು ಚೀಲದ ಪದ್ಧತಿ (ಹಸಿ ಕಸಕ್ಕೆ ಒಂದು ಡಬ್ಬ, ಪ್ಯಾಡು, ಡೈಪರಿನಂಥದ್ದಕ್ಕೆ ಇನ್ನೊಂದು, ಒಣ ಕಸಕ್ಕೆ ಚೀಲ) ಕಡ್ಡಾಯ ಮಾಡಿತು. 2016ರ ಮಾರ್ಚಿನಲ್ಲಿ ರಾಜ್ಯ ಸರ್ಕಾರ ಕ್ಯಾರಿ ಬ್ಯಾಗನ್ನು, ಎಷ್ಟೇ ದಪ್ಪ ಇದ್ದರೂ, ನಿಷೇಧಿಸಿತು. ಗುಟ್ಕಾ, ಪಾನ್ ಮಸಾಲಾವನ್ನು ಪ್ಲಾಸ್ಟಿಕ್ ಸ್ಯಾಶೆಯಲ್ಲಿ ಮಾರಬಾರದು ಅಂತ ಕೇಂದ್ರದ 2016ರ ನಿಯಮದಲ್ಲಿದೆ. 2022ರ ಜುಲೈ 1ರಿಂದ ಸ್ಟ್ರಾ, ಪ್ಲಾಸ್ಟಿಕ್ ಲೋಟ, ತಟ್ಟೆ, ಚಮಚ ದೇಶದಲ್ಲೆಲ್ಲ ನಿಷೇಧ. ಪ್ಯಾಕೆಟ್ ಮಾಡಿ ಮಾರುವ ಕಂಪನಿಗಳೇ ಅದನ್ನು ವಾಪಸ್ ಸಂಗ್ರಹಿಸುವ ಹೊಣೆ ಹೊರಬೇಕು ಅಂತಲೂ ಇದೆ. ನಿಮ್ಮ ಬೀದಿಯ ತರಕಾರಿ ಗಾಡಿಗೆ ಹೋಗಿ ನೋಡಿದರೆ ಇದರಲ್ಲಿ ಎಷ್ಟು ನಡೆಯುತ್ತಿದೆ ಅಂತ ಗೊತ್ತಾಗುತ್ತದೆ. ಗಾಡಿಯವರಿಗೆ ದಂಡ ಹಾಕಿ ಬಿಡುವುದು ಸುಲಭ. ಕವರ್ ಮಾಡುವ ಯೂನಿಟ್ಟುಗಳನ್ನು, ಸಗಟು ಮಾರುವವರನ್ನು ಹಿಡಿಯದೆ ಅದು ನಿಲ್ಲುವುದಿಲ್ಲ.

ಈಗ ಜಾಲರಿ ವಿಷಯ. ದಯವಿಟ್ಟು ನಿಮ್ಮಷ್ಟಕ್ಕೆ ನೀವೇ ಹಾಕಿಸಬೇಡಿ. ರಾಜಕಾಲುವೆಗೆ ಅನುಮತಿ ಇಲ್ಲದೆ ಅಡ್ಡ ಏನನ್ನೂ ಕಟ್ಟುವಂತಿಲ್ಲ, ಅದು ಒಂದು ಕಾರಣ. ದೊಡ್ಡ ಕಾರಣ ಬೇರೆ ಇದೆ. ಜೋರು ಮಳೆಯಲ್ಲಿ ಜಾಲರಿಗೆ ಹತ್ತಿಪ್ಪತ್ತು ನಿಮಿಷದಲ್ಲಿ ಕವರು, ಬಟ್ಟೆ, ಕೊಂಬೆ ಅಂಟಿಕೊಂಡು ಅದು ಗೋಡೆಯಾಗುತ್ತದೆ. ನೀರು ಹಿಂದಕ್ಕೆ ಏರಿ ಮೇಲ್ಗಡೆಯ ಮನೆಗಳಿಗೆ ನುಗ್ಗುತ್ತದೆ. 2022ರ ಸೆಪ್ಟೆಂಬರಿನಲ್ಲಿ ಊರಿನ ಪೂರ್ವ ಭಾಗ ಮುಳುಗಿದ್ದನ್ನು ನೋಡಿದ್ದೀರಿ, ನೀರಿಗೆ ದಾರಿ ಕಡಿಮೆಯಾದರೆ ಏನಾಗುತ್ತದೆ ಅಂತ ಬೇರೆ ಹೇಳಬೇಕಾಗಿಲ್ಲ. ಜಾಲರಿ ಒತ್ತಡಕ್ಕೆ ಕಿತ್ತುಹೋದರಂತೂ ಹಿಡಿದಿಟ್ಟದ್ದೆಲ್ಲ ಒಂದೇ ಸಲ ಹೋಗುತ್ತದೆ. ಮಧ್ಯರಾತ್ರಿ ಮಳೆಯಲ್ಲಿ ಅದನ್ನು ಬಿಡಿಸಲು ಯಾರಾದರೂ ಕಾಲುವೆಗೆ ಇಳಿದರೆ ಜೀವಕ್ಕೇ ಅಪಾಯ.

ತೇಲುವ ತಡೆ ಇದಕ್ಕಿಂತ ವಾಸಿ. ನೀರಿನ ಮೇಲೆ ತೇಲುವ ಸಾಲನ್ನು ಕಾಲುವೆಗೆ ಓರೆಯಾಗಿ ಕಟ್ಟುತ್ತಾರೆ, ನೀರು ಕೆಳಗಿನಿಂದ ಹೋಗುತ್ತದೆ, ಕಸ ಒಂದು ದಡಕ್ಕೆ ಬಂದು ಸೇರುತ್ತದೆ. ಚೆನ್ನೈನ ಕೂವಂ ನದಿಯಲ್ಲಿ ಇಂಥದ್ದು ಹಾಕಿದ್ದಾರೆ. ಆದರೆ ಮುಳುಗಿ ಹೋಗುವ ಕಸ ಇದಕ್ಕೆ ಸಿಗುವುದಿಲ್ಲ, ಪ್ರವಾಹದಲ್ಲಿ ಮೇಲಿನಿಂದಲೂ ದಾಟಿ ಹೋಗುತ್ತದೆ. ಮುಖ್ಯವಾಗಿ, ಸೇರಿದ ಕಸವನ್ನು ತೆಗೆಯುವ ಜೆಸಿಬಿ, ಅದು ಇಳಿಯಲು ಜಾಗ, ಒಯ್ಯುವ ಲಾರಿ, ಅದಕ್ಕೊಂದು ಗುತ್ತಿಗೆ ಇವೆಲ್ಲ ಮೊದಲೇ ತೀರ್ಮಾನ ಆಗಿರಬೇಕು. ತಡೆ ಹಾಕಿದ ದಿನ ಫೋಟೋ ತೆಗೆಸಿಕೊಂಡು ಆಮೇಲೆ ಯಾರೂ ತಿರುಗಿ ನೋಡದಿದ್ದರೆ ಅಲ್ಲಿ ಹೊಸದೊಂದು ಕಸದ ಗುಡ್ಡೆ ಹುಟ್ಟುತ್ತದೆ ಅಷ್ಟೇ. ಹಾಗಾಗಿ ಇದು ಪಾಲಿಕೆಯ ಮಳೆನೀರು ಕಾಲುವೆ ವಿಭಾಗದ ಕೆಲಸ, ನೀವು ಒತ್ತಾಯ ಮಾಡಬಹುದು, ಮಾಡಬೇಕು.

ನೀವು ಬೀದಿಯವರು ದುಡ್ಡು ಸೇರಿಸಲು ಹೊರಟಿದ್ದೀರಲ್ಲ, ಅದನ್ನು ಒಂದು ಹೆಜ್ಜೆ ಹಿಂದೆ ಬಳಸಿ. ರಸ್ತೆ ಬದಿಯ ಚರಂಡಿ ರಾಜಕಾಲುವೆಗೆ ಸೇರುವ ಬಾಯಿಗಳಿರುತ್ತವೆ. ಅಲ್ಲಿ ನೀರು ಕಡಿಮೆ, ಕೈಗೆ ಸಿಗುತ್ತದೆ. ವಾರ್ಡ್ ಎಂಜಿನಿಯರ್ ಒಪ್ಪಿಗೆ ಪಡೆದು ಅಲ್ಲಿಗೆ ಎತ್ತಿ ತೆಗೆಯಬಹುದಾದ ಕಂಬಿಯ ತಟ್ಟಿ ಹಾಕಿಸಬಹುದು. ಕಂಬಿಗಳ ನಡುವೆ ಅಂತರ ಧಾರಾಳ ಇರಲಿ, ತೀರಾ ಸಣ್ಣ ಕಣ್ಣಿನ ಬಲೆ ಬೇಡ. ಇದರಲ್ಲೂ ಅಪಾಯ ಇಲ್ಲ ಅಂತಲ್ಲ, ವಾರಕ್ಕೊಮ್ಮೆ ಮತ್ತು ಪ್ರತಿ ಮಳೆಗೆ ಮುಂಚೆ ತೆಗೆದು ಸ್ವಚ್ಛ ಮಾಡದಿದ್ದರೆ ರಸ್ತೆಯಲ್ಲೇ ನೀರು ನಿಲ್ಲುತ್ತದೆ. ಆ ಕೆಲಸ ಯಾರದ್ದು ಅಂತ ಹೆಸರು ಬರೆದಿಟ್ಟುಕೊಳ್ಳಲು ಆಗದಿದ್ದರೆ ತಟ್ಟಿಯೂ ಬೇಡ.

ಸುಡುವುದು ಬೇಡವೇ ಬೇಡ. ನೆಲದ ಮೇಲಿನ ಬೆಂಕಿಯ ಶಾಖ ಸಾಲದು, ಅರೆಬರೆ ಉರಿದು ಹೊಗೆಯಾಗುತ್ತದೆ. ಪಿವಿಸಿ (ಪೈಪು, ವೈರಿನ ಹೊದಿಕೆಯ ಪ್ಲಾಸ್ಟಿಕ್) ಸೇರಿದ್ದರೆ ಡಯಾಕ್ಸಿನ್ ಥರದ ವಿಷವೂ ಹುಟ್ಟುತ್ತದೆ. ಅದನ್ನು ಮೊದಲು ಉಸಿರಾಡುವುದು ನಿಮ್ಮ ಮಗಳು, ಪಕ್ಕದ ಮನೆಯ ಅಜ್ಜಿ. ಬಯಲಲ್ಲಿ ಕಸ ಸುಟ್ಟರೆ 5,000 ರೂಪಾಯಿ ದಂಡ ಅಂತ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರಲ್ಲೇ ಹೇಳಿದೆ. ಉಳಿದ ಬೂದಿ, ಕರಗಿದ ಉಂಡೆ ಮುಂದಿನ ಮಳೆಗೆ ಮತ್ತೆ ಕಾಲುವೆಗೇ ಹೋಗುತ್ತದೆ.

‘ಕರಗುವ ಕವರ್’ ವಿಷಯದಲ್ಲಿ ಎರಡು ಬೇರೆ ಬೇರೆ ಸಾಮಾನು ಒಂದೇ ಹೆಸರಿನಲ್ಲಿ ಮಾರಾಟ ಆಗುತ್ತಿವೆ. ಒಂದು, ಸಾಮಾನ್ಯ ಪ್ಲಾಸ್ಟಿಕ್ಕಿಗೆ ಏನೋ ಬೆರೆಸಿ ಬೇಗ ಚೂರಾಗುವಂತೆ ಮಾಡಿದ್ದು. ಇದು ಎಲ್ಲಕ್ಕಿಂತ ಕೆಟ್ಟದ್ದು, ನಾಲ್ಕು ವರ್ಷದಲ್ಲಿ ಆಗುವ ಚೂರು ಬೇಗ ಆಗುತ್ತದೆ ಅಷ್ಟೇ. ಇನ್ನೊಂದು, ಜೋಳದ ಪಿಷ್ಟದಂಥದ್ದರಿಂದ ಮಾಡಿದ ನಿಜವಾದ ಕಾಂಪೋಸ್ಟೆಬಲ್ ಕವರ್, ಅದರ ಮೇಲೆ ಐಎಸ್ 17088 ಅನ್ನುವ ಭಾರತೀಯ ಮಾನಕದ ಗುರುತು ಇರಬೇಕು. ಅದು ಕರಗಲು ದೊಡ್ಡ ಗೊಬ್ಬರ ಘಟಕದ ಬಿಸಿ ಬೇಕು, 58 ಡಿಗ್ರಿ ಆಸುಪಾಸು. ಮೋರಿಯ ತಣ್ಣನೆ ನೀರಿನಲ್ಲಿ ಅದೂ ಬಹಳ ಕಾಲ ಕವರಾಗಿಯೇ ಇರುತ್ತದೆ. ಒಣ ಕಸದಲ್ಲಿ ಸೇರಿದರೆ ಮರುಬಳಕೆಯ ಪ್ಲಾಸ್ಟಿಕ್ಕನ್ನೂ ಕೆಡಿಸುತ್ತದೆ. ತರಕಾರಿಗೆ ಬಟ್ಟೆ ಚೀಲ, ಮೀನು ಮಾಂಸಕ್ಕೆ ಸ್ಟೀಲ್ ಡಬ್ಬ ಒಯ್ಯುವುದಕ್ಕಿಂತ ಒಳ್ಳೆಯ ದಾರಿ ನನಗೆ ಕಂಡಿಲ್ಲ.

ಮನೆಯಲ್ಲಿ ನೀವು ಮಾಡುತ್ತಿರುವುದನ್ನು ಬಿಡಬೇಡಿ. ‘ಟಿಪ್ಪರಿನವರು ಎಲ್ಲ ಒಂದಕ್ಕೇ ಸುರಿಯುತ್ತಾರೆ’ ಅನ್ನುವ ದೂರು ಕೆಲವು ಕಡೆ ನಿಜ, ಹಾಗೆ ಆದರೆ ಗಾಡಿ ನಂಬರ್ ಸಮೇತ ದೂರು ಕೊಡಿ. ಪ್ಯಾಕೆಟ್ಟುಗಳನ್ನು ಒಂದು ಸಲ ನೀರಾಡಿಸಿ ಒಣಗಿಸಿ ಕೊಟ್ಟರೆ ಅದಕ್ಕೆ ಬೆಲೆ ಬರುತ್ತದೆ, ಬೆಲೆ ಬಂದದ್ದು ಮೋರಿಗೆ ಬೀಳುವುದಿಲ್ಲ. ಹಾಲಿನ ಪ್ಯಾಕೆಟ್ಟಿನ ಮೂಲೆ ಪೂರ್ತಿ ಕತ್ತರಿಸಬೇಡಿ, ಆ ಚೂರು ಯಾರ ಕೈಗೂ ಸಿಗುವುದಿಲ್ಲ. ಪ್ಯಾಡು, ಡೈಪರನ್ನು ಪೇಪರಿನಲ್ಲಿ ಸುತ್ತಿ ಬೇರೆಯಾಗಿಯೇ ಕೊಡಿ, ಅದರಲ್ಲೂ ಪ್ಲಾಸ್ಟಿಕ್ ಇದೆ, ಕಮೋಡಿಗೆ ಹಾಕಲೇಬೇಡಿ.

ಆದರೆ ನಿಮ್ಮ ಕಾಲುವೆಗೆ ಹೆಚ್ಚು ವ್ಯತ್ಯಾಸ ಮಾಡುವುದು ಬೇರೆ ಕೆಲಸ. ಒಂದು ಭಾನುವಾರ ಮಗಳನ್ನೂ ಕರೆದುಕೊಂಡು ಕಾಲುವೆಯ ಮೇಲ್ಗಡೆಗೆ ಅರ್ಧ ಕಿಲೋಮೀಟರ್ ನಡೆಯಿರಿ. ಕಸ ಬೀಳುವ ಮೂಲೆಗಳನ್ನು, ಅದು ಯಾವ ಹೊತ್ತಿನಲ್ಲಿ ಬೀಳುತ್ತದೆ ಅನ್ನುವುದನ್ನು ಬರೆದುಕೊಳ್ಳಿ. ಸಾಮಾನ್ಯವಾಗಿ ನಾಲ್ಕೈದು ಜಾಗಕ್ಕಿಂತ ಜಾಸ್ತಿ ಇರುವುದಿಲ್ಲ. ಅಲ್ಲಿಯ ಪಿಜಿ ಮಾಲೀಕರ ಜೊತೆ, ಅಂಗಡಿಯವರ ಜೊತೆ ಮಾತಾಡಿ. ಟಿಪ್ಪರ್ ಸಂಜೆ ಇನ್ನೊಂದು ಸುತ್ತು ಬರಬೇಕು, ಇಲ್ಲವೇ ಹತ್ತಿರದ ಒಣ ಕಸ ಸಂಗ್ರಹ ಕೇಂದ್ರ ರಾತ್ರಿವರೆಗೂ ತೆರೆದಿರಬೇಕು ಅಂತ ಆ ಪಟ್ಟಿಯನ್ನೇ ಲಗತ್ತಿಸಿ ಅರ್ಜಿ ಕೊಡಿ. ಜೊತೆಗೆ ಕಾಲುವೆಯಲ್ಲಿ ಸೇರಿರುವುದನ್ನು ಮಾರ್ಚ್ ಮುಗಿಯುವುದರೊಳಗೆ ಎತ್ತಿಸಬೇಕು ಅಂತ ಬರೆಯಿರಿ. ಎತ್ತಿದ ಹೂಳು, ಕಸವನ್ನು ದಡದಲ್ಲೇ ರಾಶಿ ಹಾಕಿ ಹೋಗುವ ಅಭ್ಯಾಸ ಇದೆ, ಅದೇ ದಿನ ಲಾರಿಗೆ ತುಂಬಿಸಬೇಕು ಅನ್ನುವುದನ್ನು ಅರ್ಜಿಯಲ್ಲೇ ಸೇರಿಸಿ, ಇಲ್ಲದಿದ್ದರೆ ಮೊದಲ ಮಳೆಗೆ ಅದೆಲ್ಲ ಮತ್ತೆ ಒಳಗೆ ಬೀಳುತ್ತದೆ.